ಬೆಂಕಿಯ ಸೀಮೆಯಲ್ಲಿ ಎಳ್ಳ ಅಮಾವಾಸ್ಯೆ

ಭಾಲ್ಕಿ, ಹೊರಡುವ ಮೊದಲು

ಆಸ್ಟ್ರೇಲಿಯಾಕ್ಕೆ ಹೋಗಿ ಬಂದವಳು ಕಾಂಗರೂ ಕಥೆ ಹೇಳಬೇಕು ಎಂದು ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕಾದು ಕೂತಿದ್ದರು. ಕಾಂಗರೂ ನೋಡಿದ್ದು ನಿಜ. ಅದು ನನ್ನ ತಂಗಿಯ ಮನೆಯ ಹಿಂದೆ ನಿಂತು ಹುಲ್ಲು ಮೇಯುತ್ತಿತ್ತು, ನನ್ನನ್ನು ಒಮ್ಮೆ ನೋಡಿ ಮುಖ ತಿರುಗಿಸಿಕೊಂಡಿತು. ಕಾಂಗರೂ ಕಥೆ ಇಷ್ಟೇ. ನಾನು ಹೇಳಬೇಕೆಂದಿರುವುದು ಬೆಂಕಿಯ ಕಥೆ, ಅದರ ಜೊತೆಗೆ ನಮ್ಮಣ್ಣನ ಕಥೆ.

ನನ್ನ ಹೆಸರು ಸುಜಾತಾ. ಔರಾದದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ, ಸಂಸಾರ ಭಾಲ್ಕಿಯಲ್ಲಿ. ಅಣ್ಣ ವೈಜಿನಾಥ ಹಲಬರ್ಗಾದ ನಮ್ಮ ಹೊಲದಲ್ಲೇ ಮನೆ ಮಾಡಿಕೊಂಡಿದ್ದಾನೆ. ತಂಗಿ ಸವಿತಾ ಬೀದರಿನಲ್ಲಿ ನರ್ಸಿಂಗ್ ಕಲಿತವಳು, ಈಗ ಆಸ್ಟ್ರೇಲಿಯಾದ ವಿಕ್ಟೋರಿಯಾ ಸೀಮೆಯ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿದ್ದಾಳೆ. ಮದುವೆ ಆಗಿಲ್ಲ. ಆ ಚರ್ಚೆ ನಮ್ಮ ಮನೆಯಲ್ಲಿ ಮುಗಿದು ಎಷ್ಟೋ ವರ್ಷವಾಯಿತು, ಓದುವವರೂ ದಯವಿಟ್ಟು ಅದನ್ನು ಮತ್ತೆ ಎತ್ತಬಾರದು.

ಎರಡು ಬೇಸಿಗೆಯ ಹಿಂದೆ ಅಣ್ಣನ ಪಕ್ಕದ ಹೊಲದವರು ಕಬ್ಬು ಕಡಿದ ಮೇಲೆ ರವದಿಗೆ, ಎಂದರೆ ನೆಲದಲ್ಲಿ ಉಳಿದ ಒಣ ಸೋಗೆಗೆ, ಬೆಂಕಿ ಹಚ್ಚಿದರು. ನಮ್ಮ ಕಡೆ ಎಲ್ಲರೂ ಹಚ್ಚುತ್ತಾರೆ. ಆ ದಿನ ಗಾಳಿ ಎದ್ದಿತು. ನಡುವೆ ಬಂಡಿದಾರಿ ಇದ್ದರೂ ಬೆಂಕಿ ಈಚೆ ಬಂದು, ಅಣ್ಣನ ಮನೆಯ ಗೋಡೆಗೆ ಒತ್ತಿ ಒಟ್ಟಿದ್ದ ಕಣಿಕೆಯ, ಎಂದರೆ ಒಣ ಜೋಳದ ದಂಟಿನ, ಬಣವೆಗೆ ಹತ್ತಿಕೊಂಡಿತು. ಬಣವೆ ಹೋಯಿತು, ಕೊಟ್ಟಿಗೆ ಹೋಯಿತು, ಮನೆಯೂ ಅರ್ಧ ಹೋಯಿತು. ಒಳಗೆ ಕಟ್ಟಿದ್ದ ಎಮ್ಮೆಯನ್ನು ಬಿಚ್ಚಲು ಅಣ್ಣ ಉರಿಯೊಳಗೆ ನುಗ್ಗಿದ. ಎಮ್ಮೆ ಉಳಿಯಲಿಲ್ಲ. ಅಣ್ಣನ ಬಲಗೈ ಮೊಣಕೈ ತನಕ ಬೆಂದು, ಬೀದರಿನ ದವಾಖಾನೆಯಲ್ಲಿ ಬಹಳ ದಿನ ನರಳಿದ. ಆ ಕೈಯ ಎರಡು ಬೆರಳು ಈಗಲೂ ಮಡಚುವುದಿಲ್ಲ.

ಊರವರು ಅವನನ್ನು ಹುಲಿ ಎಂದರು. ಹುಲಿಗೂ ಅದು ಇಷ್ಟವಾಯಿತು. ಅದೇ ಜಾಗದಲ್ಲಿ ಮತ್ತೆ ಕೊಟ್ಟಿಗೆ ಕಟ್ಟಿಸಿದ, ಅದೇ ಗೋಡೆಗೆ ಮತ್ತೆ ಬಣವೆ ಒಟ್ಟಿದ. ಪಕ್ಕದ ಹೊಲದವರು ಬೇಕಂತಲೇ ಹಚ್ಚಿದರು ಎಂದು ಅವರ ಜೊತೆ ಮಾತು ಬಿಟ್ಟ. ಬಣವೆ ದೂರ ಒಟ್ಟು ಎಂದು ಯಾರಾದರೂ ಹೇಳಿದರೆ, "ಮತ್ತ ಬೆಂಕಿ ಬಂದ್ರ ಮತ್ತ ಒಳಗ ಹೋಗ್ತೇನಿ. ಮನಿ ಬಿಟ್ಟು ಓಡೋ ಪೈಕಿ ಅಲ್ಲ ನಾ" ಎನ್ನುತ್ತಿದ್ದ.

ಸವಿತಾ ಅಲ್ಲಿ ಒಂದು ಮನೆ ಕೊಂಡಳು. ಮನೆ ತುಂಬುವ ದಿನ ಅಣ್ಣ ಇರಲೇಬೇಕು ಎಂದು ಹಟ ಹಿಡಿದು, ನನ್ನ ಜೊತೆ ಅವನಿಗೂ ಟಿಕೆಟ್ ಕಳಿಸಿದಳು. ನನಗೆ ಮಾತ್ರ ಫೋನಿನಲ್ಲಿ, "ಅಕ್ಕಾ, ಇಲ್ಲಿ ವರ್ಷಾ ಬೆಂಕಿ ಬರ್ತದ. ಈ ಜನ ಹ್ಯಾಂಗ ಬದುಕ್ತಾರ ಅಂತ ಅಣ್ಣ ಒಮ್ಮಿ ಕಣ್ಣಾರೆ ನೋಡ್ಲಿ" ಎಂದಳು. ಹೊರಡುವ ದಿನ ವೈನಿ, ಅಂದರೆ ಅಣ್ಣನ ಹೆಂಡತಿ, ನನ್ನನ್ನು ಪಕ್ಕಕ್ಕೆ ಕರೆದು ಕೈ ಹಿಡಿದುಕೊಂಡಳು. "ಇನ್ನೊಮ್ಮಿ ಬೆಂಕಿ ಬಿದ್ರ ಇವ್ರು ಒಳಗ ಹೋಗೋದು ಖರೇ ಅದರಿ. ಹೊಳ್ಳಿ ಬರಂಗಿಲ್ಲ. ಏನರ ಮಾಡ್ರಿ, ಅವ್ರ ತಲಿ ತಿರುಗಿಸ್ಕೊಂಡು ಬರ್ರಿ." ಆಕೆಗೆ ನಾನು ಹೂಂ ಎಂದೆ. ಅಣ್ಣನ ತಲೆ ಎಂಥದು ಎಂದು ಗೊತ್ತಿದ್ದೂ ಹೂಂ ಎಂದೆ.

ಮೆಲ್ಬರ್ನ್ ವಿಮಾನ ನಿಲ್ದಾಣ

ಆ ದೇಶದವರಿಗೆ ಮಣ್ಣು ಕಂಡರೆ ಭಯ. ಹೊರಗಿನ ಮಣ್ಣಿನ ಜೊತೆ ಹೊರಗಿನ ರೋಗ ಬರುತ್ತದೆಂದು, ಹೊಲದಲ್ಲಿ ಓಡಾಡಿ ಬಂದಿದ್ದೀರಾ ಎಂದು ಬಂದವರನ್ನೆಲ್ಲ ಕೇಳುತ್ತಾರೆ. ನಾನು ಅನುವಾದಿಸಿ ಮುಗಿಸುವ ಮೊದಲೇ ಅಣ್ಣ ಎದೆ ಉಬ್ಬಿಸಿ, "ಹೊಲ? ಹೂಂ! ನನ್ನ ಸ್ವಂತದ್ದು ಅದ ಅಂತ ಹೇಳು" ಎಂದ.

ಅಧಿಕಾರಿ ಹುಡುಗಿ ಅವನ ಚಪ್ಪಲಿ ಬಿಚ್ಚಿಸಿದಳು. ತಳದಲ್ಲಿ ಹಲಬರ್ಗಾದ ಕರಿ ಮಣ್ಣು ಗಟ್ಟಿಯಾಗಿ ಕೂತಿತ್ತು. ಆಕೆ ಅದನ್ನು ಒಳಗೆ ಒಯ್ದಳು. ಚಪ್ಪಲಿ ಹೋಯಿತೆಂದು ಅಣ್ಣ ಬರಿಗಾಲಲ್ಲಿ ನಿಂತು ಮುಖ ಸಣ್ಣದು ಮಾಡಿಕೊಂಡ. ಸ್ವಲ್ಪ ಹೊತ್ತಿಗೆ ಆಕೆ ಬಂದು, ತಿಕ್ಕಿ ತೊಳೆದು ಒರೆಸಿದ ಚಪ್ಪಲಿಯನ್ನು ಎರಡೂ ಕೈಯಲ್ಲಿ ಹಿಡಿದು ಅವನ ಕಾಲ ಮುಂದೆ ಇಟ್ಟಳು, ಕಾಯಿಸಿದ್ದಕ್ಕೆ ಕ್ಷಮೆಯನ್ನೂ ಕೇಳಿದಳು. ಸರ್ಕಾರಿ ನೌಕರಿಯವರು ತನ್ನ ಚಪ್ಪಲಿ ತೊಳೆದುಕೊಟ್ಟದ್ದನ್ನು ಅಣ್ಣ ದಾರಿಯುದ್ದಕ್ಕೂ ನೆನೆಸಿಕೊಂಡು ನೆನೆಸಿಕೊಂಡು ನಕ್ಕ. ಅವನು ತಂಗಿಗೆಂದು ತಂದಿದ್ದ ಕರಿ ಉಣ್ಣೆಯ ಕಂಬಳಿಯನ್ನೂ ಬಿಡಿಸಿ, ಕೊಡವಿ, ಮೂಸಿ ನೋಡಿ ವಾಪಸು ಕೊಟ್ಟರು. ಶೇಂಗಾ ಹಿಂಡಿ, ಅಂದರೆ ಕಡಲೆಕಾಯಿಯ ಖಾರದ ಚಟ್ನಿಪುಡಿ, ಕೂಡ ಪಾಸಾಯಿತು.

ಸವಿತಾಳ ಮನೆ

ಊರಿನಿಂದ ಹೊರಗೆ, ಗುಡ್ಡದ ಬುಡದಲ್ಲಿ, ಕಟ್ಟಿಗೆಯ ಮನೆ. ಸುತ್ತ ನೀಲಗಿರಿ ಮರಗಳ ಕಾಡು, ಆದರೆ ಮನೆಯ ಹತ್ತಿರ ಮಾತ್ರ ಒಂದು ಮರವಿಲ್ಲ, ಒಂದು ಪೊದೆಯಿಲ್ಲ. ಹುಲ್ಲನ್ನು ನೆಲಕ್ಕೆ ಅಂಟಿಸಿ ಕತ್ತರಿಸಿದ್ದಾರೆ. ಗೋಡೆಗೆ ಹತ್ತಿ ಬರೀ ಜಲ್ಲಿ ಹಾಸಿದ್ದಾರೆ. ಚಳಿಗಾಲಕ್ಕೆ ಸೀಳಿದ ಕಟ್ಟಿಗೆಯನ್ನು ಅಂಗಳದ ಆ ತುದಿಯಲ್ಲಿ ಒಟ್ಟಿದ್ದಾರೆ. ಬಾಗಿಲ ಮುಂದೆ ಕಾಲೊರೆಸುವ ನಾರಿನ ಚಾಪೆ ಸಹ ಇಲ್ಲ.

"ಇದೇನು ಸವಿತಾ, ಬಾಗಲಾ ಭಣ ಭಣ ಅನ್ಲತ್ತದ" ಎಂದು ನಾನು ಬೈದೆ. ಮನೆ ತುಂಬುವ ದಿನ ಬೆಳಿಗ್ಗೆಯೇ ಎದ್ದು, ಮಾವಿನ ಎಲೆ ಸಿಗದ್ದರಿಂದ ಆ ನೀಲಗಿರಿ ಎಲೆಗಳನ್ನೇ ದಾರಕ್ಕೆ ಪೋಣಿಸಿ ಬಾಗಿಲಿಗೆ ತೋರಣ ಕಟ್ಟಿದೆ. ಒಳಗೆ ಬುದ್ಧನ ಫೋಟೋ ಇಟ್ಟು ಮೇಣದ ಬತ್ತಿ ಹಚ್ಚಿ ವಂದನೆ ಹೇಳುತ್ತಿರುವಾಗ ಪಕ್ಕದ ರೈತ ಬಂದ. ಎತ್ತರದ ಆಳು, ಎಪ್ಪತ್ತರ ಹತ್ತಿರದ ವಯಸ್ಸು, ಕುಂಟುತ್ತಾ ನಡೆಯುತ್ತಾನೆ. ಕೈಯಲ್ಲಿ ಕೇಕ್ ಇತ್ತು. ತೋರಣ ನೋಡಿದವನೇ ಕೇಕ್ ನನ್ನ ಕೈಗೆ ಕೊಟ್ಟು, ತೋರಣವನ್ನು ಮೆತ್ತಗೆ ಬಿಚ್ಚಿ, ಮಡಚಿ, ನೀರಿನ ಬಕೆಟ್ಟಿನಲ್ಲಿ ಮುಳುಗಿಸಿದ. ಆಮೇಲೆ ಟೋಪಿ ತೆಗೆದು ನಮಸ್ಕಾರ ಹೇಳಿದ. ಆ ಎಲೆಯಲ್ಲಿ ಎಣ್ಣೆ ಇರುತ್ತದಂತೆ, ಒಣಗಿದರೆ ಒಂದು ಕಿಡಿ ಸಾಕಂತೆ. ಸವಿತಾ ಮುಖ ಮುಚ್ಚಿಕೊಂಡು ನಕ್ಕಳು. ನನಗೆ ಸಿಟ್ಟು ಬಂತು, ಕೇಕ್ ರುಚಿಯಾಗಿತ್ತು.

ಅವನ ಹೆಸರು ಕಾಲಿನ್. ಅಣ್ಣನಿಗೆ ಇದಕ್ಕಿಂತ ದೊಡ್ಡ ತಮಾಷೆ ಬೇಕಿರಲಿಲ್ಲ. "ಹೆಸರೇ ಕಾಲಿಂದು, ನೋವು ಸೈತ ಕಾಲಿಂದೇ. ಇವನ ತಮ್ಮನ ಹೆಸರು ಕೈಯಿನ್ ಅದನೋ ಏನೋ ಕೇಳು" ಎಂದ. ನಾನು ಕೇಳಲಿಲ್ಲ. ಕಾಲಿನ್ ಬಹಳ ವರ್ಷ ಊರಿನ ಬೆಂಕಿ ಆರಿಸುವ ದಳದಲ್ಲಿ ಇದ್ದವನು. ಅಲ್ಲಿ ಆ ದಳದವರು ಸಂಬಳದವರಲ್ಲ, ರೈತರು, ಮೇಷ್ಟ್ರುಗಳು, ಅಂಗಡಿಯವರೇ. ಮೊಣಕಾಲು ಕೆಟ್ಟ ಮೇಲೆ ವ್ಯಾನು ಹತ್ತುವುದನ್ನು ಬಿಟ್ಟು, ಹೊಸದಾಗಿ ಬಂದವರ ಮನೆ ನೋಡಿ ಬುದ್ಧಿ ಹೇಳುವ ಕೆಲಸ ಹಿಡಿದಿದ್ದ. ಯಾರೂ ಅವನಿಗೆ ಹೇಳಿರಲಿಲ್ಲ, ಯಾರೂ ಅವನನ್ನು ಬೇಡವೆನ್ನುತ್ತಲೂ ಇರಲಿಲ್ಲ. ಹೀಗೆ ಪರರ ಮನೆಯ ಕಾಳಜಿ ಹೊತ್ತು ತಿರುಗುವ ಮನುಷ್ಯನನ್ನು ಕಂಡು ನನಗೆ ನಿಜಕ್ಕೂ ಸಂತೋಷವಾಯಿತು.

ಆ ವಾರದಲ್ಲೇ ನಮ್ಮ ಎಳ್ಳ ಅಮಾವಾಸ್ಯೆ, ಆಡುಮಾತಿನ ಎಳ್ಳಮಾಸಿ, ಬಂತು. ಬೀದರ್ ಸೀಮೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಆ ದಿನ ಭಾಲ್ಕಿ, ಔರಾದ, ಹಳ್ಳಿ ಪಟ್ಟಣ ಎನ್ನದೆ ಎಲ್ಲರೂ ಮನೆಗೆ ಬೀಗ ಹಾಕಿ ಹೊಲಕ್ಕೆ ಹೋಗುತ್ತಾರೆ. ಬಜಾರಿನಲ್ಲಿ ಕರ್ಫ್ಯೂ ಬಿದ್ದ ಹಾಗಿರುತ್ತದೆ. ಹೊಲ ಇಲ್ಲದವರನ್ನು ಹೊಲ ಇದ್ದವರು ಕರೆಯುತ್ತಾರೆ. ಕಾಳು, ಸೊಪ್ಪು, ತರಕಾರಿ ಎಲ್ಲ ಕೂಡಿಸಿ ಮಜ್ಜಿಗೆಯಲ್ಲಿ ಕುದಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಹುಳಿ ಅಂಬಲಿ. ಉಣ್ಣುವ ಮೊದಲು ಬೆಳೆಯ ಸುತ್ತ ತಿರುಗಿ ಎಡೆಯನ್ನು ಚೆಲ್ಲಬೇಕು, ಅದಕ್ಕೆ ಚರಗ ಎನ್ನುತ್ತೇವೆ.

ಅಣ್ಣ ಹುಟ್ಟಿದ ಮೇಲೆ ಮೊದಲ ಸಲ ಆ ದಿನ ಹೊಲದಲ್ಲಿರಲಿಲ್ಲ. ಬೆಳಿಗ್ಗೆಯಿಂದ ಮುಖ ಊದಿಸಿಕೊಂಡು ಕೂತಿದ್ದ. ಸವಿತಾ ಸಿಕ್ಕಷ್ಟು ಕಾಳು ಹಾಕಿ ಭಜ್ಜಿ ಮಾಡಿದಳು. ಬೆಳೆ ಇಲ್ಲದ್ದರಿಂದ ಅಣ್ಣ ಮನೆಗೇ ಚರಗ ಚೆಲ್ಲಿದ. ಪಾತ್ರೆ ಹಿಡಿದು, ಕೂಗುತ್ತಾ, ಮನೆಯ ಸುತ್ತ ಹೊರಟ. ಬೇಲಿಯಾಚೆ ನಿಂತು ನೋಡುತ್ತಿದ್ದ ಕಾಲಿನ್ ತಲೆ ಆಡಿಸಿ ಮೆಚ್ಚಿದ. ಮನೆಯ ಸುತ್ತ ಒಣಗಿದ್ದು ಏನಾದರೂ ಬಿದ್ದಿದೆಯೇ ಎಂದು ನಿನ್ನ ಅಣ್ಣ ಪರೀಕ್ಷೆ ಮಾಡುತ್ತಿದ್ದಾನೆ, ಜವಾಬ್ದಾರಿಯ ಮನುಷ್ಯ ಎಂದ. ನಾನು ತಿದ್ದಲು ಹೋಗಲಿಲ್ಲ.

ಗಟಾರ

ಊರಿನ ರಸ್ತೆಗೆ ಅರ್ಧ ರೊಟ್ಟಿಯ ಆಕಾರದ ಒಂದು ಫಲಕ ಇದೆ. ಅದರಲ್ಲಿ ಹಸಿರು, ಹಳದಿ, ಕೇಸರಿ, ಕಡುಗೆಂಪು ಬಣ್ಣಗಳು, ನಡುವೆ ಒಂದು ಮುಳ್ಳು. ಇಂದು ಬೆಂಕಿಯ ಅಪಾಯ ಎಷ್ಟು ಎಂದು ಆ ಮುಳ್ಳು ತೋರಿಸುತ್ತದೆ. ಜನ ಹಾಲಿನ ಅಂಗಡಿಗೆ ಹೋಗುವಾಗ ಅದನ್ನೊಮ್ಮೆ ನೋಡಿಕೊಂಡೇ ಹೋಗುತ್ತಾರೆ. ಮುಳ್ಳು ಕೇಸರಿಗೆ ಬಂದ ದಿನ ಕಾಲಿನ್ ಬಂದು, ಸವಿತಾ ಡ್ಯೂಟಿಗೆ ಹೋಗಿದ್ದರಿಂದ ನನಗೇ ಹೇಳಿದ: ವಾರದ ಕೊನೆಗೆ ಬಿಸಿಗಾಳಿ ಬರುತ್ತದೆ, ಅಷ್ಟರೊಳಗೆ ಗಟರ್ ಸ್ವಚ್ಛ ಮಾಡಿ, ಬಾಯಿ ಕಟ್ಟಿ, ನೀರು ತುಂಬಿಸಿಡಿ.

ಇಂಗ್ಲಿಷ್ ಟೀಚರ್ ನಾನು. ಅವನ ಉಚ್ಚಾರ ಅರ್ಥವಾಗದೆ ಎಷ್ಟೋ ಸಲ ಸುಮ್ಮನೆ ನಕ್ಕಿದ್ದೆ, ಆದರೆ ಈ ಮಾತು ಅಕ್ಷರ ಅಕ್ಷರ ತಿಳಿಯಿತು: ಗಟರ್ ಎಂದರೆ ನಮ್ಮ ಗಟಾರ, ಚರಂಡಿ. ಅಣ್ಣನಿಗೆ ಹೇಳಿದೆ, "ಗಟಾರ ಸ್ವಚ್ಛ ಮಾಡ್ಬೇಕಂತ. ಆಮ್ಯಾಲ ಅದರಾಗ ನೀರು ತುಂಬ್ಬೇಕಂತ."

"ಇಂಥಾ ದೇಶದಾಗೂ ಗಟಾರ ತುಂಬ್ಯಾವ ಅಂದ್ರ ನಮ್ಮ ಭಾಲ್ಕಿ ಬಸ್ ಸ್ಟ್ಯಾಂಡ್ ಏನು ತಪ್ಪು ಮಾಡ್ಯಾದ?" ಎಂದು ಅಣ್ಣ ಖುಷಿಯಾಗಿ ಸಲಿಕೆ ಹಿಡಿದ. ಮನೆಯ ಮುಂದೆ ರಸ್ತೆಯಂಚಿಗೆ ಒಂದು ಕಾಲುವೆ ಇತ್ತು. ಇಬ್ಬರೂ ಸೇರಿ ಅದನ್ನು ಕನ್ನಡಿಯ ಹಾಗೆ ಮಾಡಿದೆವು. ಕೆಳಗಿನ ಬಾಯಿಗೆ ಕಲ್ಲು ಮಣ್ಣು ಕಟ್ಟಿ, ಹಿತ್ತಲಿನ ದೊಡ್ಡ ಟ್ಯಾಂಕಿಗೆ ಪೈಪು ಹಚ್ಚಿ ನೀರು ಬಿಟ್ಟೆವು. ಗಟಾರ ತುಂಬಿ ನಿಂತದ್ದನ್ನು ನೋಡಿ ಅಣ್ಣ ಸೊಂಟದ ಮೇಲೆ ಕೈ ಇಟ್ಟುಕೊಂಡ.

ಸವಿತಾ ಕಾರಿನಿಂದ ಇಳಿದು ಅದನ್ನು ನೋಡಿದಳು. ಹಿತ್ತಲಿಗೆ ಓಡಿ ಟ್ಯಾಂಕು ಬಡಿದು ನೋಡಿದಳು. ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಅಕ್ಕಾ, ಕೆಳಗಿನ ಗಟಾರ ಅಲ್ಲ, ಮ್ಯಾಲಿನ ಗಟಾರ!" ಎಂದು ಸೂರಿನ ಕಡೆ ಬೆರಳು ತೋರಿಸಿದಳು. ಮಳೆನೀರು ಹರಿಯಲೆಂದು ಸೂರಿನ ಅಂಚಿಗೆ ಕೂರಿಸಿದ ತಗಡಿನ ದೋಣಿಗೆ ಅಲ್ಲಿ ಗಟರ್ ಎನ್ನುತ್ತಾರೆ. ನಾವು ಖಾಲಿ ಮಾಡಿದ ಆ ಟ್ಯಾಂಕಿನ ನೀರು ಮಳೆಗಾಲದಿಂದ ಕೂಡಿಟ್ಟದ್ದು, ಬೆಂಕಿಯ ದಿನಕ್ಕೆಂದೇ ಇಟ್ಟದ್ದು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಕಾಲಿನ್ ತನ್ನ ಹೊಲದ ಕೆರೆಯಿಂದ ಟ್ರೇಲರಿನಲ್ಲಿ ನೀರು ತಂದು ತಂದು ಟ್ಯಾಂಕು ತುಂಬಿಸಿದ. ಆಮೇಲೆ ಗಟಾರದ ಹತ್ತಿರ ನಿಂತು, ಈ ರಸ್ತೆಗೆ ಇಷ್ಟು ಚೆಂದದ ಕಾಲುವೆ ಇದೆ ಎಂದು ನನಗೇ ಗೊತ್ತಿರಲಿಲ್ಲ, ಇಲ್ಲಿಯ ಒಣ ಹುಲ್ಲು ಹೋದದ್ದೂ ಒಳ್ಳೆಯದೇ ಆಯಿತು ಎಂದ. ಏಣಿ ಇಟ್ಟು ಅಣ್ಣನನ್ನು ಸೂರಿನ ತನಕ ಹತ್ತಿಸಿದ. ದೋಣಿಯ ತುಂಬ ಒಣಗಿ ಗರಿಗರಿಯಾದ ಎಲೆ. ಬೆಂಕಿ ನಡೆದುಕೊಂಡು ಬಂದು ಬಾಗಿಲು ಬಡಿಯುವುದಿಲ್ಲ, ಅದು ಇನ್ನೂ ಗುಡ್ಡದಾಚೆ ಇರುವಾಗಲೇ ಕಿಡಿ ಗಾಳಿಯಲ್ಲಿ ಹಾರಿ ಬಂದು ಇಂಥಲ್ಲಿ ಕೂರುತ್ತದೆ, ಮನೆ ಸುಡುವುದು ಆ ಕಿಡಿಯಿಂದ ಎಂದ.

ಅಣ್ಣ ಏಣಿಯ ಮೇಲೆ ನಿಂತೇ ಕೇಳಿದ, "ಬಂಡಿದಾರಿ ದಾಟ್ತದೇನು ಕೇಳು."

ದಾರಿ ಏನು, ಹೊಳೆಯನ್ನೂ ದಾಟುತ್ತದೆ ಎಂದ ಕಾಲಿನ್.

ಅಣ್ಣ ದೋಣಿಯ ಎಲೆಯನ್ನೆಲ್ಲ ಬಾಚಿ ಬಾಚಿ ಕೆಳಗೆ ಹಾಕಿದ. ಇಳಿದ ಮೇಲೆ ನನಗೆ ಮಾತ್ರ ಕೇಳುವ ಹಾಗೆ, "ಹಂಗಾದ್ರ ಆ ಬಾಜೂ ಹೊಲದವ್ರು ಬೇಕಂತ ಹಚ್ಚಿಲ್ಲ ಬಿಡು" ಎಂದ.

ಕಾಲಿನ್ ಅಂಗಳದ ಚಿಮಣಿ

ಮರುದಿನ ಕಾಲಿನ್ ತನ್ನ ಮನೆಗೆ ಚಹಾಕ್ಕೆ ಕರೆದ. ಅಂಗಳದಲ್ಲಿ ಇಟ್ಟಿಗೆಯ ಒಂದು ಹಳೆಯ ಚಿಮಣಿ ಒಂಟಿಯಾಗಿ ನಿಂತಿತ್ತು. ಅದರ ಸುತ್ತ ಮನೆ ಇರಲಿಲ್ಲ. ಇದು ನಮ್ಮ ಮೊದಲ ಮನೆ, ಬೆಂಕಿ ಇಷ್ಟನ್ನು ಬಿಟ್ಟು ಹೋಯಿತು ಎಂದು ಅವನ ಹೆಂಡತಿ ಜೋನ್ ಹೇಳಿದಳು. ಅವಳ ಮದುವೆಯ ಫೋಟೋಗಳು, ಅವಳ ತಾಯಿಯ ಪಿಯಾನೋ, ಮಕ್ಕಳ ತೊಟ್ಟಿಲು ಎಲ್ಲ ಹೋದವಂತೆ.

"ಮನಿ ಸುಡೋವಾಗ ಇವರೆಲ್ಲಿದ್ರು ಅಂತ ಕೇಳು" ಎಂದ ಅಣ್ಣ.

ಪಕ್ಕದ ಪಟ್ಟಣದ ಆಟದ ಮೈದಾನದಲ್ಲಿ ಚಹಾ ಕುಡಿಯುತ್ತಿದ್ದೆವು, ಬೆಳಿಗ್ಗೆಯೇ ಮನೆ ಬಿಟ್ಟಿದ್ದೆವು ಎಂದ ಕಾಲಿನ್.

"ಬಿಟ್ಟು ಓಡಿ ಹೋಗಿದ್ರಂತ" ಎಂದು ನಾನು ಅನುವಾದಿಸಿದೆ.

"ನಾಚಿಕಿ ಆಗ್ಲಿಲ್ಲೇನು ಅಂತ ಕೇಳು."

ಅದನ್ನು ಕೇಳುವಷ್ಟು ನನ್ನ ಇಂಗ್ಲಿಷ್ ಕೆಟ್ಟಿರಲಿಲ್ಲ. ಅಷ್ಟರಲ್ಲಿ ಕಾಲಿನ್ ಅಣ್ಣನ ಕೈ ನೋಡಿ ಇದೇನಾಯಿತು ಎಂದು ಕೇಳಿದ. ಅಣ್ಣನಿಗೆ ಬೇಕಾಗಿದ್ದೂ ಅದೇ. ಎದ್ದು ನಿಂತು, ಬಣವೆ, ಉರಿ, ಕೊಟ್ಟಿಗೆಯ ಬಾಗಿಲು, ಎಮ್ಮೆಯ ಕೂಗು, ಎಲ್ಲವನ್ನೂ ಕೈ ಬೀಸಿ ಬೀಸಿ ಹೇಳಿದ. ಹಲಬರ್ಗಾದ ಕಟ್ಟೆಯ ಮೇಲೆ ಹೇಳಿ ಹೇಳಿ ಪಳಗಿದ ಕಥೆ ಅದು. ಕಥೆ ಮುಗಿದಾಗ ನಮ್ಮಲ್ಲಿ ಎಲ್ಲರೂ ಶಹಬ್ಬಾಸ್ ಎನ್ನುತ್ತಾರೆ. ಅಣ್ಣ ಅದಕ್ಕಾಗಿ ಕಾದು ನಿಂತ.

ಕಾಲಿನ್ ಕಪ್ಪು ಕೆಳಗಿಟ್ಟ. ಇವನನ್ನು ಒಳಗೆ ಬಿಟ್ಟವರು ಯಾರು ಎಂದು ಕೇಳಿದ.

ನಾನು ಅದನ್ನು ಇದ್ದ ಹಾಗೇ ಕನ್ನಡದಲ್ಲಿ ಹೇಳಿದೆ. "ನಿನಗ ಒಳಗ ಬಿಟ್ಟೋರು ಯಾರು ಅಂತ ಕೇಳ್ಲತ್ತಾನ."

ಅಣ್ಣ ಬೀಸುತ್ತಿದ್ದ ಕೈ ಇಳಿಸಿ ಕುರ್ಚಿಯಲ್ಲಿ ಕೂತ. ಆ ದಿನ ಅರ್ಧ ಊರು ಅಲ್ಲಿ ಸೇರಿತ್ತು. ಬಿಂದಿಗೆ ಹಿಡಿದು ಓಡಿ ಬಂದವರೇ ಎಲ್ಲರೂ, ಅದು ನಮ್ಮವರ ದೊಡ್ಡಗುಣ, ಅದನ್ನು ಯಾವ ದೇಶದಲ್ಲಿ ಬೇಕಾದರೂ ಹೇಳುತ್ತೇನೆ. ಆದರೆ ಉರಿಯೊಳಗೆ ಹೊರಟವನ ರಟ್ಟೆ ಹಿಡಿದು ನಿಲ್ಲಿಸಿದವರು ಯಾರೂ ಇರಲಿಲ್ಲ. ಇನ್ನೊಂದು ಬೆಂಕಿಯಲ್ಲಿ ನಮ್ಮ ಗೆಳೆಯನೊಬ್ಬ ಹೀಗೇ ದನ ಬಿಚ್ಚಲು ಒಳಗೆ ಹೋಗಿದ್ದ, ನಾನು ಅವನ ಹತ್ತಿರವೇ ನಿಂತಿದ್ದೆ ಎಂದು ಕಾಲಿನ್ ಹೇಳಿ, ಅಲ್ಲಿಗೇ ನಿಲ್ಲಿಸಿದ. ಜೋನ್ ಅವನ ಬೆನ್ನ ಮೇಲೆ ಕೈ ಇಟ್ಟಳು. ಅಣ್ಣ ಆ ಸಂಜೆ ತಮಾಷೆ ಮಾಡಲಿಲ್ಲ.

ಆ ಶುಕ್ರವಾರ

ಮುಳ್ಳು ಕಡುಗೆಂಪಿಗೆ ಹೋಗಿತ್ತು. ಆ ದಿನ ಅಂಗಳದಲ್ಲಿ ಒಲೆ ಹಚ್ಚಿದರೂ ಅಪರಾಧ, ಬೆಂಕಿ ಕಾಣುವ ಮೊದಲೇ ಎಲ್ಲರೂ ಮನೆ ಬಿಟ್ಟು ಪಕ್ಕದ ಪಟ್ಟಣದ ಆಟದ ಮೈದಾನಕ್ಕೆ ಹೊರಡಬೇಕು. ಆಕಾಶ ನೀಲಿ, ಹೊಗೆಯ ಸುಳಿವಿಲ್ಲ, ಬಾಗಿಲು ತೆರೆದರೆ ಮಾತ್ರ ರೊಟ್ಟಿ ಹಂಚಿನ ಮುಂದೆ ಮುಖ ಒಡ್ಡಿದಂಥ ಗಾಳಿ. ಸವಿತಾ ಸೂರಿನ ದೋಣಿಗೆ ನೀರು ತುಂಬಿಸಿ, ಕಿಟಕಿ ಮುಚ್ಚಿ, ಹೊರಗಿನ ಕುರ್ಚಿಗಳನ್ನು ಒಳಗೆ ಎಳೆದಳು. ಕಾಲಿನ್ ಬಂದು ನಮ್ಮನ್ನು ಮೇಲಿಂದ ಕೆಳಗೆ ನೋಡಿದ. ನನ್ನ ಸಿಂಥೆಟಿಕ್ ಸೀರೆ ಕಿಡಿ ಬಿದ್ದರೆ ಮೈಗೆ ಅಂಟುತ್ತದೆ, ಬೇಡವೇ ಬೇಡ ಎಂದ. ಅಣ್ಣನ ಹತ್ತಿಯ ಧೋತರ, ಅಂಗಿ, ಹೆಗಲ ಮೇಲಿನ ಉಣ್ಣೆ ಕಂಬಳಿ ನೋಡಿ, ಈ ಕಣಿವೆಯಲ್ಲೇ ಸರಿಯಾಗಿ ಬಟ್ಟೆ ಹಾಕಿದವನು ಇವನೊಬ್ಬ ಎಂದ. ನಾನು ಸವಿತಾಳ ಹತ್ತಿ ಪ್ಯಾಂಟು ಹಾಕಿಕೊಂಡು ಹೊರಗೆ ಬಂದೆ. ಬದುಕಿನಲ್ಲಿ ಮೊದಲ ಪ್ಯಾಂಟು. ಅಣ್ಣ ನನ್ನನ್ನು ನೋಡಿ ನಗಲೂ ಇಲ್ಲ. ಆಗಲೇ ಏನೋ ಕೆಟ್ಟಿದೆ ಎಂದು ನನಗೆ ಗೊತ್ತಾಗಬೇಕಿತ್ತು.

ಅವನು ನೀರಿನ ಪೈಪು ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದ. "ನೀವಿಬ್ಬರೂ ಹೋಗ್ರಿ. ನಾ ಮನಿ ಕಾಯ್ತೇನಿ."

"ಅಣ್ಣಾ, ಹುಚ್ಚು ಮಾಡಬ್ಯಾಡ" ಎಂದೆ.

"ತಂಗಿ ಹೊಸಾ ಮನಿ ಸುಡಕ ಬಿಟ್ಟು ಓಡಿ ಹೋದ ಅಣ್ಣ ಅಂತ ಅನ್ನಿಸ್ಕೊಳ್ಳೇನು ನಾ? ಬಿಲ್ಕುಲ್ ಇಲ್ಲ. ಬೆಂಕಿ ಇನ್ನಾ ಕಣ್ಣಿಗೇ ಬಿದ್ದಿಲ್ಲ, ಈಗೇ ಓಡೋದೇನು?"

ನಾನು ಅತ್ತೆ. ಬೈದೆ. ವೈನಿಯ ಆಣೆ ಹಾಕಿದೆ. ಅವನು ಪೈಪನ್ನು ಇನ್ನೂ ಗಟ್ಟಿ ಹಿಡಿದ. ಅವನನ್ನು ಹೆಣವಾಗಿ ಹಲಬರ್ಗಾಕ್ಕೆ ಒಯ್ಯುವ ಚಿತ್ರ ನನ್ನ ಕಣ್ಣ ಮುಂದೆ ಬಂತು. ಇಷ್ಟೂ ದಿನ ಅವನ ಕಿವಿಗೆ "ಬಿಟ್ಟು ಓಡೋದು" ಎಂಬ ಮಾತನ್ನು ತುಂಬಿದವಳು ನಾನೇ. ಆ ಜನ ಓಡುವುದು ಎಂಬ ಮಾತನ್ನು ಒಮ್ಮೆಯೂ ಆಡಿರಲಿಲ್ಲ, ಬೇಗ ಹೊರಡುವುದು ಎನ್ನುತ್ತಿದ್ದರು.

ಸವಿತಾ ಒಳಗಿನಿಂದ ಒಂದು ಗಂಟು ಹೊತ್ತು ಬಂದಳು. ಅಣ್ಣನ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತಳು. ಅವಳ ದನಿಯಲ್ಲಿ ಅವಸರ ಇರಲಿಲ್ಲ.

"ಅಣ್ಣಾ, ಎಳ್ಳಮಾಸಿ ದಿನ ನೀ ಮನಿ ಬಿಟ್ಟು ಓಡಿ ಹೋಗ್ತಿಯೇನು?"

"ಯಾಕ ಓಡೋದು? ಹೊಲಕ್ಕ ಹೋಗ್ತೇವಿ."

"ಮನಿ ಕಾಯಕ ಯಾರರ ಉಳೀತಾರ?"

"ಯಾರ್ಯಾಕ ಉಳೀತಾರ? ಊರಿಗೂರೇ ಹೊರಗ ಇರ್ತದ."

"ಹಿಂದ ಉಳಿದವಗ ಜನ ಏನಂತಾರ?"

"ತಲಿ ಕೆಟ್ಟದ ಅಂತಾರ" ಎಂದವನು ಅಲ್ಲಿಗೇ ನಿಂತ.

"ಇವತ್ತು ಇವರ ಎಳ್ಳಮಾಸಿ ಅದ. ಊರಿಗೂರೇ ಹೊಂಟದ. ಭಜ್ಜಿ ಮಾಡೀನಿ, ರೊಟ್ಟಿ ಕಟ್ಟೀನಿ. ಬುತ್ತಿ ಹೊರು, ನಡಿ."

ಅಣ್ಣ ಅವಳ ಮುಖ ನೋಡಿದ, ಗಂಟು ನೋಡಿದ. ಎದ್ದು ಒಳಗೆ ಹೋದ. ಹೊರಗೆ ಬಂದಾಗ ಒಂದು ಕಂಕುಳಲ್ಲಿ ಬುದ್ಧನ ಫೋಟೋ, ತಲೆಯ ಮೇಲೆ ಬುತ್ತಿ. ಕಾರಿನಲ್ಲಿ ಕೂತ ಮೇಲೂ ಬುತ್ತಿಯನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದ.

ಆಟದ ಮೈದಾನ

ಇಡೀ ಕಣಿವೆ ಅಲ್ಲಿಗೆ ಬಂದಿತ್ತು. ನಾಯಿ, ಬೆಕ್ಕು, ಪಂಜರದಲ್ಲಿ ಕೋಳಿ, ಗಾಡಿಯಲ್ಲಿ ಕುದುರೆ. ಒಬ್ಬ ಹೆಂಗಸು ಹೊಲಿಗೆ ಯಂತ್ರವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಯಾರೂ ಕೂಗಾಡುತ್ತಿರಲಿಲ್ಲ. ಒಬ್ಬರ ಕುದುರೆಗೆ ಇನ್ನೊಬ್ಬರು ನೀರು ಕುಡಿಸುತ್ತಿದ್ದರು, ಬಾರದೆ ಇದ್ದ ನೆರೆಯವರಿಗೆ ಫೋನು ಹಚ್ಚುತ್ತಿದ್ದರು, ನಮ್ಮಂಥ ಹೊಸಬರಿಗೆ ಕೇಳದೆಯೇ ಚಹಾ ತಂದು ಕೊಡುತ್ತಿದ್ದರು. ಮನೆ ಮಾರು ಹಿಂದೆ ಬಿಟ್ಟು ಬಂದ ಜನ ಇಷ್ಟು ಶಾಂತವಾಗಿ ಇನ್ನೊಬ್ಬರ ಕಪ್ಪಿಗೆ ಸಕ್ಕರೆ ಹಾಕುವುದನ್ನು ನೋಡಿ ನನ್ನ ಕಣ್ಣು ತುಂಬಿ ಬಂತು.

ಅಣ್ಣ ಕಂಬಳಿ ಹಾಸಿ ಬುತ್ತಿ ಬಿಚ್ಚಿದ. ಹಬ್ಬದ ನಿಯಮದಂತೆ ಅತ್ತಿತ್ತ ಕೂತವರನ್ನೆಲ್ಲ ಕರೆದ. ಜೋನ್ ಭಜ್ಜಿಯನ್ನು ಚಮಚದಲ್ಲಿ ತಿಂದು ಎರಡನೇ ಸಲ ಕೇಳಿದಳು. ಹೊಲಿಗೆ ಯಂತ್ರದ ಹೆಂಗಸಿಗೆ ಶೇಂಗಾ ಹಿಂಡಿ ನೆತ್ತಿಗೇರಿತು.

ಮಧ್ಯಾಹ್ನ ಗುಡ್ಡದ ಹಿಂದೆ ಹೊಗೆ ಎದ್ದಿತು. ನೋಡುನೋಡುತ್ತ ಅರ್ಧ ಆಕಾಶ ಕಂದುಬಣ್ಣವಾಯಿತು, ಸೂರ್ಯ ಕುಂಕುಮದ ಬೊಟ್ಟಾದ. ಅಣ್ಣ ತಟ್ಟನೆ ಎದ್ದ. ಆ ಹೊಗೆಯ ಕಡೆ ನಡೆಯತೊಡಗಿದ. ಬೆಂಕಿ ಕಂಡರೆ ಅದರ ಕಡೆಗೇ ಓಡುವುದು ನಮ್ಮೂರ ಕಾಲುಗಳಿಗೆ ಗೊತ್ತು. ನಾನು ಏಳುವ ಮೊದಲೇ ಕಾಲಿನ್ ಕುಂಟುತ್ತಾ ಹೋಗಿ ಅವನ ಸುಟ್ಟ ಕೈಯನ್ನು ಹಿಡಿದುಕೊಂಡ. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬರುವುದಿಲ್ಲ. ಅಣ್ಣ ಕೊಸರಿದ. ಕಾಲಿನ್ ಬಿಡಲಿಲ್ಲ. ಹೊಗೆ ತಿಳಿಯಾಗುವ ತನಕ ಇಬ್ಬರೂ ಹಾಗೇ ನಿಂತಿದ್ದರು.

ಮರುದಿನ ಊರೊಳಗೆ ಬಿಟ್ಟರು. ಗುಡ್ಡದ ಆ ಮಗ್ಗುಲಲ್ಲಿ ಮನೆಗಳು ಹೋಗಿದ್ದವು, ಅವುಗಳ ಮುಂದೆ ಜನ ನಿಂತು ಒಬ್ಬರನ್ನೊಬ್ಬರು ತಬ್ಬಿಕೊಂಡಿದ್ದರು. ಕಾಲಿನ್‌ನ ಹುಲ್ಲಿನ ಶೆಡ್ಡು ಬೂದಿಯಾಗಿತ್ತು. ಸವಿತಾಳ ಬೇಲಿ ಸುಟ್ಟಿತ್ತು, ಮನೆ ನಿಂತಿತ್ತು. ಅಣ್ಣ ಏಣಿ ಹತ್ತಿ ಸೂರಿನ ದೋಣಿಯಲ್ಲಿ ಕೈ ಆಡಿಸಿದ. ನೀರಿನಲ್ಲಿ ಆರಿದ ಕಿಡಿಗಳು ಕರ್ರಗೆ ತೇಲುತ್ತಿದ್ದವು. ಕೆಳಗಿನ ಗಟಾರದಲ್ಲೂ ತೇಲುತ್ತಿದ್ದವು, ಅದನ್ನು ನಾನು ಎಲ್ಲರಿಗೂ ತೋರಿಸಿದೆ. ಆ ಕಣಿವೆಯಲ್ಲಿ ಒಂದು ಜೀವವೂ ಹೋಗಿರಲಿಲ್ಲ.

ಹಲಬರ್ಗಾ, ಮತ್ತೆ ಭಾಲ್ಕಿ

ವಾಪಸು ಬಂದ ವಾರವೇ ಅಣ್ಣ ಬಣವೆಯನ್ನು ಗೋಡೆಯಿಂದ ಕಿತ್ತು ಹೊಲದ ಆ ತುದಿಗೆ ಒಟ್ಟಿದ. ಮನೆಯ ಸುತ್ತ ಕಸಕಡ್ಡಿ ಕೆತ್ತಿಸಿ ಬರೀ ನೆಲ ಮಾಡಿದ. ಹೊಸದಾಗಿ ತಂದ ಎಮ್ಮೆಗಳ ಹಗ್ಗವನ್ನು ಒಂದೇ ಎಳೆತಕ್ಕೆ ಬಿಚ್ಚುವ ಗಂಟಿಗೆ ಬದಲಾಯಿಸಿದ. ಪಕ್ಕದ ಹೊಲದವರ ಮನೆಗೆ ಹೋಗಿ, ರವದಿ ಹಚ್ಚುವ ಮೊದಲು ನನಗೊಂದು ಫೋನ್ ಮಾಡ್ರಿ ಎಂದು ಹೇಳಿ, ಅವರ ಮನೆಯಲ್ಲೇ ಚಹಾ ಕುಡಿದು ಬಂದ. "ಹುಲಿ ಆಸ್ಟ್ರೇಲಿಯಾಕ್ಕ ಹೋಗಿ ಬೆಕ್ಕಾಗಿ ಬಂತು" ಎಂದು ಕಟ್ಟೆಯ ಮೇಲಿನವರು ನಕ್ಕರು. ಅಣ್ಣ ಏನೂ ಅನ್ನಲಿಲ್ಲ ಎಂದು ವೈನಿ ಹೇಳಿದಾಗ ನನಗೆ ನಂಬಿಕೆಯಾಗಲಿಲ್ಲ. ನಂಬುವುದಕ್ಕೆ ಬೇಸಿಗೆ ಬರಬೇಕಾಯಿತು.

ಅಣ್ಣನ ಮನೆ ಉಳಿಯಿತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಓದುವವರು ಹೈರಾಣಾಗುವುದು ಬೇಡ. ಉರಿಬಿಸಿಲಿನ ಒಂದು ಮಧ್ಯಾಹ್ನ ಭಾಲ್ಕಿಯ ನಮ್ಮ ಮನೆಯ ಮುಂದೆ ಟಂಟಂ ಆಟೋ ಬಂದು ನಿಂತಿತು. ಅಣ್ಣ ಇಳಿದ, ಹಿಂದೆ ವೈನಿ. ಅವನ ಕಂಕುಳಲ್ಲಿ ಅವನ ಮನೆಯ ಬುದ್ಧನ ಫೋಟೋ, ಕೈಯಲ್ಲಿ ಬುತ್ತಿಯ ಗಂಟು. ಎಮ್ಮೆಗಳನ್ನು ಬಿಚ್ಚಿ ಕೆರೆಯ ಕಡೆ ಹೊಡೆದು ಬಂದಿದ್ದ.

"ಏನಣ್ಣಾ, ಏನಾಯ್ತು?" ಎಂದೆ.

"ಏನಿಲ್ಲ. ಇವತ್ತು ಎಳ್ಳಮಾಸಿ" ಎಂದ. ತುಟಿ ಒಣಗಿತ್ತು.

ಪಕ್ಕದವರಿಂದ ಫೋನ್ ಬಂದಿತ್ತು, ಮೇಲಿನ ಹೊಲಗಳಲ್ಲಿ ಯಾರೋ ಹಚ್ಚಿದ ಬೆಂಕಿ ಕೈ ಮೀರಿದೆ, ಗಾಳಿ ನಮ್ಮ ಕಡೆ ಇದೆ ಎಂದು. ಚಹಾ ಕೊಟ್ಟೆ, ಕುಡಿಯಲಿಲ್ಲ. ಅವನ ಫೋನು ಮತ್ತೆ ಬಡಿದುಕೊಂಡಿತು. ಬಣವೆಗೆ ಹತ್ತಿತು ಎಂದರು. ಅಣ್ಣ ಎದ್ದು ನಿಂತ, ಬಾಗಿಲಿಗೆ ಬಂದು ಚಪ್ಪಲಿಯಲ್ಲಿ ಕಾಲು ತೂರಿಸಿದ. ಮೆಲ್ಬರ್ನಿನಲ್ಲಿ ತೊಳೆದುಕೊಟ್ಟ ಅದೇ ಚಪ್ಪಲಿ. ವೈನಿ ಹೌಹಾರಿ ನನ್ನ ಕಡೆ ನೋಡಿದಳು. ನಾನು ಓಡಿ ಹೋಗಿ ಅವನ ಬಲಗೈ ಹಿಡಿದುಕೊಂಡೆ, ಆ ಮಡಚದ ಎರಡು ಬೆರಳೂ ನನ್ನ ಮುಷ್ಟಿಯೊಳಗೆ ಬಂದವು.

ಕೊಸರಿಕೊಳ್ಳುತ್ತಾನೆ ಎಂದುಕೊಂಡಿದ್ದೆ. ಅವನು ಹೊಲದ ದಿಕ್ಕಿಗೆ ಮುಖ ಮಾಡಿಯೇ ನಿಂತು, "ಗಟ್ಟಿ ಹಿಡಿ, ಸುಜಾತಾ" ಎಂದ. "ಬಿಡಬ್ಯಾಡ."